ವಿಠ್ಠಲನೆಂಬ ಹೆಸರಿನ ಊರು ಯಾವುದು?

ಕಲ್ಯಾಣದಿಂದ ಕರ್ಜತ್ ಕಡೆಗೆ ಹೊರಟ ಲೋಕಲ್ ಗಾಡಿಗೆ ಮೊದಲ ನಿಲ್ದಾಣ ವಿಠ್ಠಲವಾಡಿ. ಕಸಾರಾ ಕಡೆಗೆ ಹೊರಟರೆ ಮೊದಲು ಸಿಗುವುದು ಶಹಾಡ್. ಅಲ್ಲಿ ಜನ ಬಿರ್ಲಾ ಮಂದಿರವೆಂದು ಕರೆಯುವ ಗುಡಿಯಲ್ಲಿ ನಿಂತವನೂ ವಿಠ್ಠಲನೇ. ಥಾಣೆಯ ಸಿವಿಲ್ ಆಸ್ಪತ್ರೆಗೆ ವಿಠ್ಠಲ ಸಾಯನ್ನ ಎಂಬವರ ಹೆಸರಿದೆ. ‘ಸಾಯನ್ನ’ ಮರಾಠಿಯ ರೂಪವಲ್ಲ, ದಕ್ಷಿಣದ್ದು. ಹೀಗೆ ನಮ್ಮ ನಿತ್ಯದ ಓಡಾಟದ ಹಾದಿಯಲ್ಲೇ ಬಿದ್ದಿರುವ ಈ ಹೆಸರು ಎಲ್ಲಿಯದು ಎಂದು ಕೇಳಿದರೆ ಮರಾಠಿ ನೆರೆಯವರು ಪಂಢರಪುರದತ್ತ ಕೈ ತೋರಿಸುತ್ತಾರೆ. ಆ ಉತ್ತರ ತಪ್ಪಲ್ಲ, ಆದರೆ ಪೂರ್ತಿಯೂ ಅಲ್ಲ.

ಜನಪ್ರಿಯ ಅರ್ಥ ಎಲ್ಲರಿಗೂ ಗೊತ್ತಿದೆ. ಪುಂಡಲೀಕ ಎಸೆದ ಇಟ್ಟಿಗೆ, ಅಂದರೆ ಮರಾಠಿಯ ‘ವೀಟ್’, ಅದರ ಮೇಲೆ ನಿಂತವನು ವಿಠ್ಠಲ. ಸಂಸ್ಕೃತ ಪಂಡಿತರು ಪದವನ್ನು ಒಡೆದು, ಜ್ಞಾನಶೂನ್ಯರನ್ನೂ ಕೈಹಿಡಿಯುವವನು ಎಂಬ ಅರ್ಥ ಹೊರಡಿಸಿದರು. ಎರಡೂ ಸುಂದರ, ಆದರೆ ಹೆಸರು ಹುಟ್ಟಿದ ಮೇಲೆ ಹೊಸೆದ ಕಥೆಗಳಂತೆಯೇ ಕಾಣುತ್ತವೆ. ರಾಮಕೃಷ್ಣ ಗೋಪಾಲ ಭಾಂಡಾರಕರರು 1913ರಲ್ಲಿ ಪ್ರಕಟವಾದ ವೈಷ್ಣವ-ಶೈವ ಮತಗಳ ಕುರಿತ ತಮ್ಮ ಗ್ರಂಥದಲ್ಲಿ ಬೇರೆ ದಾರಿ ಹಿಡಿದರು. ‘ವಿಷ್ಣು’ ಕನ್ನಡದ ಬಾಯಲ್ಲಿ ‘ಬಿಟ್ಟಿ’, ‘ಬಿಟ್ಟು’ ಆಯಿತು. ‘ವಿಟ್ಟು’ ಅದರದೇ ರೂಪ. ಅದಕ್ಕೆ ಪ್ರೀತಿ ಗೌರವಗಳ ‘ಬಾ’, ‘ಲ’ ಸೇರಿ ವಿಠೋಬಾ, ವಿಠ್ಠಲ ಎಂದಾಯಿತು ಎಂಬುದು ಅವರ ವಾದ. ಇದನ್ನು ಹೇಳಿದವರು ಮರಾಠಿಗರು ಎಂಬುದನ್ನು ಗಮನಿಸಬೇಕು.

ಈ ಬಿಟ್ಟಿ ನಮಗೆ ಅಪರಿಚಿತನಲ್ಲ. ಹೊಯ್ಸಳ ವಿಷ್ಣುವರ್ಧನನ ಇನ್ನೊಂದು ಹೆಸರು ಬಿಟ್ಟಿದೇವ. ರಾಮಾನುಜರ ಪ್ರಭಾವದಿಂದ ಬಿಟ್ಟಿದೇವನು ವಿಷ್ಣುವರ್ಧನನಾದ ಕಥೆಯನ್ನು ಶಾಲೆಯಲ್ಲಿ ಓದಿದ್ದೇವೆ. ಬಿಟ್ಟಿ ಎಂಬುದು ವಿಷ್ಣುವಿನ ತದ್ಭವವೇ ಆಗಿದ್ದರೆ ಅರಸ ಹೆಸರು ಬದಲಿಸಿದ್ದೇನೂ ಇಲ್ಲ, ಅದಕ್ಕೆ ಸಂಸ್ಕೃತದ ಉಡುಪು ತೊಡಿಸಿದ, ಅಷ್ಟೆ. ‘ಬಿಟ್ಟಿ’ಗೆ ಈಗ ಬೇರೆಯೇ ಅರ್ಥ ಅಂಟಿಕೊಂಡಿರುವುದರಿಂದ ಇಂದು ಯಾರೂ ಮಗುವಿಗೆ ಆ ಹೆಸರಿಡಲಾರರು, ಆ ಮಾತು ಬೇರೆ.

1237ರ ಶಾಸನವೊಂದು ಪಂಢರಪುರದ ಗುಡಿಯಲ್ಲೇ ಇದೆ. ಅದರಲ್ಲಿ ದೇವರಿಗೆ ದಾನ ಕೊಟ್ಟವನು ಹೊಯ್ಸಳ ಸೋಮೇಶ್ವರ. ಊರಿನ ಹೆಸರು ‘ಪಂಡರಗೆ’, ಕನ್ನಡದ ಕಿವಿಗೆ ಮನೆಯ ಹೆಸರಿನಂತೆ ಕೇಳುವ ರೂಪ. ಜ್ಞಾನೇಶ್ವರರ ಹೆಸರಿನಲ್ಲಿ ಪ್ರಸಿದ್ಧವಾದ ಅಭಂಗವೊಂದು ವಿಠ್ಠಲನನ್ನು ಕಾನಡಿಗನೆಂದೇ ಕರೆಯುತ್ತದೆ. ‘ಕಾನಡಾ’ ಎಂದರೆ ಅಲ್ಲಿ ತಿಳಿಯಲಾಗದವನು ಎಂದರ್ಥ ಮಾಡುವವರೂ ಇದ್ದಾರೆ. ಪಕ್ಕದ ಭಾಷೆ ಅರ್ಥವಾಗದವರ ಪಾಲಿಗೆ ಎರಡೂ ಒಂದೇ ಇದ್ದಿರಬಹುದು!

ನಮ್ಮ ಸಂಘಗಳ ವೇದಿಕೆಯಲ್ಲಿ ಈ ಪುರಾವೆಗಳು ಬಂದಾಗಲೆಲ್ಲ ಚಪ್ಪಾಳೆ ಬೀಳುತ್ತದೆ. ಹೊರನಾಡಿನಲ್ಲಿ ಬದುಕುವವರಿಗೆ ‘ನಿಮ್ಮ ದೇವರೂ ನಮ್ಮವನೇ’ ಎಂದು ಹೇಳುವುದರಲ್ಲಿ ಒಂದು ಸುಖವಿದೆ. ಆದರೆ ಹೆಸರಿನ ಮೂಲ ಕನ್ನಡವೆಂದು ಒಪ್ಪಿದರೂ ಅದನ್ನು ಹೊತ್ತು ನಡೆದ ಕಾಲುಗಳು ವಾರಕರಿಗಳವು. 1984ರಲ್ಲಿ ಬಂದ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ದಲ್ಲಿ ರಾ. ಚಿಂ. ಢೇರೆಯವರು ವಿಠ್ಠಲನ ಮೂಲವನ್ನು ಕುರಿ-ದನ ಕಾಯುವವರ ದೈವದಲ್ಲಿ ಹುಡುಕಿದರು. ಕೊಲ್ಲಾಪುರ ಜಿಲ್ಲೆಯ ಪಟ್ಟಣಕೊಡೋಲಿಯಲ್ಲಿ ಇಂದಿಗೂ ವಿಠ್ಠಲ ಮತ್ತು ಬೀರದೇವ ಜೋಡಿಯಾಗಿ ಪೂಜೆಗೊಳ್ಳುತ್ತಾರೆ. ಹುಲ್ಲುಗಾವಲು ಹುಡುಕಿ ಅಲೆಯುವ ಕುರುಬನಿಗೆ ಭಾಷೆಯ ಗಡಿ ಎಲ್ಲಿತ್ತು? ನನಗೆ ಒಪ್ಪಿಗೆಯಾಗುವುದು ಈ ಉತ್ತರವೇ.

ಕನ್ನಡ ಈ ಹೆಸರಿಗೆ ಕೊಟ್ಟ ನಿಜವಾದ ಕೊಡುಗೆ ಬೇರೆಡೆ ಇದೆ. ಪುರಂದರ ವಿಠಲ, ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ: ದಾಸರು ದೇವರ ಹೆಸರನ್ನೇ ತಮ್ಮ ಕೃತಿಗಳ ಸಹಿಯಾಗಿಸಿಕೊಂಡರು. ಗುರುವಿನಿಂದ ಅಂಕಿತ ಪಡೆದವನಿಗೆ ಅದು ಎರಡನೆಯ ನಾಮಕರಣವೇ. ಒಂದೇ ಹೆಸರು ಪೀಳಿಗೆಯಿಂದ ಪೀಳಿಗೆಗೆ ಹೀಗೆ ಕುಲನಾಮದಂತೆ ಸಾಗಿದ್ದು ಅಪರೂಪ.

ಹೆಸರು ಉತ್ತರಕ್ಕೂ ಹೋಯಿತು. ವಲ್ಲಭಾಚಾರ್ಯರ ಮಗ ವಿಠ್ಠಲನಾಥ. ಅವರ ಪುಷ್ಟಿಮಾರ್ಗ ಹಬ್ಬಿದ ಗುಜರಾತಿನಲ್ಲಿ ವಿಠ್ಠಲದಾಸ, ವಿಠ್ಠಲಭಾಯಿ ಮನೆಮಾತಾದವು. 1873ರಲ್ಲಿ ಇಬ್ಬರು ವಿಠ್ಠಲರು ಹುಟ್ಟಿದರು. ಒಬ್ಬರು ವಲ್ಲಭಭಾಯಿಯವರ ಅಣ್ಣ, 1925ರಲ್ಲಿ ಕೇಂದ್ರ ಶಾಸನಸಭೆಯ ಅಧ್ಯಕ್ಷರಾದ ವಿಠ್ಠಲಭಾಯಿ ಪಟೇಲ್. ಇನ್ನೊಬ್ಬರು ನಮ್ಮ ಜಮಖಂಡಿಯಲ್ಲಿ ಹುಟ್ಟಿ, 1906ರಲ್ಲಿ ಮುಂಬಯಿಯಲ್ಲಿ ದಲಿತೋದ್ಧಾರದ ಮಿಷನ್ ಸ್ಥಾಪಿಸಿದ ವಿಠ್ಠಲ ರಾಮಜಿ ಶಿಂದೆ. ಹೆಸರು ಹೆಣ್ಣುಮಕ್ಕಳಿಗೂ ದಕ್ಕಿತು: ತಮಾಷಾ ರಂಗದ ಸಾಮ್ರಾಜ್ಞಿ ವಿಠಾಬಾಯಿ ನಾರಾಯಣಗಾವಕರ್ ಹುಟ್ಟಿದ್ದೇ ಪಂಢರಪುರದಲ್ಲಿ.

ಸರ್ಕಾರಿ ಕಡತಗಳ ನಡುವೆ ದಿನ ಕಳೆಯುವ ನನ್ನಂಥವರಿಗೆ ಈ ಹೆಸರಿನ ಇಂಗ್ಲಿಷ್ ಕಾಗುಣಿತವೇ ಒಂದು ಭೂಪಟ. ಎರಡು ‘ಟಿ’ ಇದ್ದು ‘ಎಚ್’ ಇಲ್ಲದಿದ್ದರೆ ಹೆಚ್ಚಾಗಿ ಕರಾವಳಿಯವರು, ‘ಎಚ್’ ಕಂಡರೆ ಬಹುಶಃ ಘಟ್ಟದ ಮೇಲಿನವರು ಅಥವಾ ಮರಾಠಿಗರು. ಆದರೆ ಇತ್ತೀಚೆಗೆ ಕೆಲಸಕ್ಕೆ ಸೇರುವ ತರುಣರಲ್ಲಿ ವಿಠ್ಠಲ ಎಂಬವರನ್ನು ಕಾಣುವುದು ವಿರಳ. ಡೊಂಬಿವಲಿಯ ಮಕ್ಕಳೆಲ್ಲ ಆರವ್, ವಿಹಾನ್. ವಿಠ್ಠಲ ಈಗ ಸಿಗುವುದು ಅರ್ಜಿಯ ನಡುವಿನ ಕಾಲಮಿನಲ್ಲಿ, ತಂದೆಯ ಹೆಸರಾಗಿ. ಊರಿನಲ್ಲಿ ನಾವು ತಂದೆಯ ಹೆಸರನ್ನು ಒಂದಕ್ಷರಕ್ಕೆ ಇಳಿಸಿ ‘ವಿ.’ ಎಂದು ಬರೆದು ಮುಗಿಸುತ್ತಿದ್ದೆವು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮರಾಠಿ ಪದ್ಧತಿಯಂತೆ ಅದನ್ನು ಪೂರ್ತಿಯಾಗಿ ಬರೆಯುತ್ತಾರೆ. ಅಜ್ಜನ ಊರಿನಲ್ಲಿ ಬರಿಯ ಚುಕ್ಕಿಯ ಹಿಂದೆ ಅಡಗಿದ್ದ ವಿಠ್ಠಲ, ಕಲ್ಯಾಣದ ಶಾಲೆಯ ಹಾಜರಿ ಪುಸ್ತಕದಲ್ಲಿ ಇನ್ನೊಂದು ಪೀಳಿಗೆಯ ಮಟ್ಟಿಗೆ ಇಡಿಯಾಗಿ ನಿಂತಿದ್ದಾನೆ.