ನಾಲಿಗೆ ಕಿತ್ತ ಗಂಟೆಗಳು

ಇಂಗ್ಲೆಂಡಿನ ಪೂರ್ವ ಭಾಗದ ಸಫೊಕ್ ಸೀಮೆಯಲ್ಲಿ ಲ್ಯಾವೆನ್‌ಹ್ಯಾಮ್ ಅಂತ ಒಂದು ಸಂತೆಯೂರಿದೆ. ಸಂತೆಮಾಳದ ಸುತ್ತ ಮರದ ಚೌಕಟ್ಟಿನ ಹಳೇ ಮನೆಗಳು. ಒಂದು ಎಡಕ್ಕೆ ವಾಲಿದ್ದರೆ ಇನ್ನೊಂದು ಬಲಕ್ಕೆ. ನೋಡೋಕೆ ಬಹಳ ಚೆಂದ. ಪ್ರವಾಸಿಗರು ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಈ ಚೆಂದಕ್ಕೆ ಬೆವರು ಸುರಿಸಿದವರು ಯಾರು ಅಂತ ಕೇಳುವವರು ಕಡಿಮೆ.

ಊರು ಬೆಳೆದದ್ದು ಉಣ್ಣೆಯಿಂದ. ಇಲ್ಲಿನ ನೀಲಿ ಉಣ್ಣೆಬಟ್ಟೆ ಹಡಗು ಹತ್ತಿ ಹೊರದೇಶಗಳಿಗೆ ಹೋಗುತ್ತಿತ್ತು. ಬಟ್ಟೆ ಸಾಹುಕಾರ ಉಣ್ಣೆ ಕೊಡುತ್ತಿದ್ದ. ಸುತ್ತಲ ಹಳ್ಳಿಯ ಹೆಂಗಸರು ನೂಲುತ್ತಿದ್ದರು, ನೇಕಾರರು ನೇಯುತ್ತಿದ್ದರು, ಇನ್ನೊಬ್ಬರು ಬಣ್ಣ ಅದ್ದುತ್ತಿದ್ದರು. ಉಣ್ಣೆಯೂ ಸಾಹುಕಾರನದೇ, ಬಟ್ಟೆಯೂ ಸಾಹುಕಾರನದೇ. ದುಡಿದವರದು ದಿನದ ಕೂಲಿ ಮಾತ್ರ. 1524ರ ತೆರಿಗೆ ಲೆಕ್ಕದಲ್ಲಿ ಈ ಪುಟ್ಟ ಊರು ಇಡೀ ಇಂಗ್ಲೆಂಡಿನ ಶ್ರೀಮಂತ ಊರುಗಳ ಸಾಲಿನಲ್ಲಿ ನಿಂತಿತ್ತು.

ಆ ಮನೆಗಳ ಗೋಡೆ ನೋಡಿ. ಓಕ್ ಮರದ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದಾರೆ. ಗೋಡೆ ನಿಲ್ಲೋಕೆ ಅಷ್ಟು ಮರ ಬೇಕೇ ಇರಲಿಲ್ಲ. ಅದು ದುಡ್ಡಿನ ಜಂಬ. ಕಂಬಗಳ ನಡುವೆ ಮಾತ್ರ ಕಡ್ಡಿ ಹೆಣೆದು ಮಣ್ಣು ಮೆತ್ತಿದ್ದು. ನಮ್ಮ ಕಡೆ ತಡಿಕೆ ಗೋಡೆ ಅಂತೀವಲ್ಲ, ಹಾಗೆ. ಹಸಿ ಮರದಲ್ಲೇ ಕಟ್ಟುತ್ತಿದ್ದರಿಂದ ಒಣಗುತ್ತಾ ತಿರುಚಿ ಮನೆಗಳು ಹೀಗೆ ವಾಲಿದವು. ವಾಲಿದ್ದನ್ನು ಕೆಡವಿ ಹೊಸದು ಕಟ್ಟಲಿಲ್ಲ ಯಾಕೆ? ಬಟ್ಟೆ ವ್ಯಾಪಾರ ಮುಂದೆ ಕುಸಿದು ಊರಿನ ಕೈಯಲ್ಲಿ ಕಾಸಿರಲಿಲ್ಲ. ಇವತ್ತು ಪರಂಪರೆ ಅಂತ ಹೊಗಳುವುದನ್ನು ಉಳಿಸಿದ್ದು ಬಡತನ.

ಸಂತೆಮಾಳದ ಅಂಚಿನ ಗಿಲ್ಡ್‌ಹಾಲನ್ನು 1530ರ ಸುಮಾರಿಗೆ ಕಟ್ಟಿಸಿದ್ದು ಊರ ಸ್ಥಿತಿವಂತರ ಒಂದು ಧಾರ್ಮಿಕ ಕೂಟ. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅಂಥ ಕೂಟಗಳನ್ನೇ ಸರ್ಕಾರ ರದ್ದು ಮಾಡಿತು. ಮುಂದೆ ಅದೇ ಕಟ್ಟಡ ಸೆರೆಮನೆಯಾಯಿತು, ಗತಿಯಿಲ್ಲದವರನ್ನು ಕೂಡಿಹಾಕಿ ದುಡಿಸುವ ಮನೆಯೂ ಆಯಿತು. ಉಳ್ಳವರು ಸೇರುತ್ತಿದ್ದ ಸೂರಿನಡಿಗೆ ಇಲ್ಲದವರು ಬಂದದ್ದು ಹೀಗೆ! ಈಗದು ವಸ್ತುಸಂಗ್ರಹಾಲಯ.

ಊರ ತುದಿಯ ದಿಬ್ಬದ ಮೇಲೆ ಚರ್ಚು. ಗೋಪುರದ ಎತ್ತರ 141 ಅಡಿ. ಆಕ್ಸ್‌ಫರ್ಡಿನ ಅರ್ಲ್ ಎಂಬ ಜಮೀನ್ದಾರ ಮತ್ತು ಥಾಮಸ್ ಸ್ಪ್ರಿಂಗ್ ಎಂಬ ಬಟ್ಟೆ ಸಾಹುಕಾರ ಸೇರಿ ದುಡ್ಡು ಸುರಿದರು. ಸ್ಪ್ರಿಂಗ್ 1523ರಲ್ಲಿ ಸತ್ತ. ಅವನ ಮನೆತನದ ಲಾಂಛನ ಆ ಗೋಪುರದ ಮೇಲೆ ಮತ್ತೆ ಮತ್ತೆ ಕೆತ್ತಿದೆ. ನೇಕಾರನ ಹೆಸರು ಹುಡುಕಬೇಡಿ, ಸಿಗುವುದಿಲ್ಲ.

ಆ ಹೆಸರು ಸಿಗುವುದು ದಂಗೆಯ ಕತೆಯಲ್ಲಿ. 1525ರಲ್ಲಿ ಎಂಟನೇ ಹೆನ್ರಿಗೆ ಫ್ರಾನ್ಸಿನ ಮೇಲೆ ಯುದ್ಧಕ್ಕೆ ಹಣ ಬೇಕಾಯಿತು. ಪಾರ್ಲಿಮೆಂಟನ್ನು ಕೇಳದೆ ಜನರ ಮೇಲೆ ವಸೂಲಿ ಹೇರಿದ. ಅದಕ್ಕಿಟ್ಟ ಹೆಸರು ‘ಸ್ನೇಹದ ಕಾಣಿಕೆ’! ಇದನ್ನು ಕೊಟ್ಟರೆ ಕೂಲಿ ಕೊಡಲಾಗದು ಅಂತ ಸಾಹುಕಾರರು ಕೆಲಸದವರನ್ನು ಬಿಡಿಸಿದರು. ಲ್ಯಾವೆನ್‌ಹ್ಯಾಮ್, ಸಡ್‌ಬರಿ, ಹ್ಯಾಡ್ಲಿ ಸುತ್ತಿನ ಸುಮಾರು ನಾಲ್ಕು ಸಾವಿರ ಜನ ಎದ್ದು ಬಂದರು. ರಾಜನ ಕಡೆಯ ಡ್ಯೂಕ್ ನಿಮ್ಮ ನಾಯಕ ಯಾರು ಅಂತ ಕೇಳಿದಾಗ ಜಾನ್ ಗ್ರೀನ್ ಎಂಬಾತ ತಮ್ಮ ನಾಯಕನ ಹೆಸರು ಬಡತನ ಅಂದನಂತೆ.

ಇನ್ನೊಂದು ಮಾತೂ ಆ ಕಾಲದ ಬರಹದಲ್ಲಿದೆ. ಚರ್ಚಿನ ಗಂಟೆ ಹೊಡೆದಾಗ ಎಲ್ಲರೂ ಕೂಡಬೇಕು ಅಂತ ದಂಗೆಕೋರರ ಗೊತ್ತುವಳಿ. ಸುದ್ದಿ ತಿಳಿದ ಊರ ಸಿರಿವಂತನೊಬ್ಬ ಮೊದಲೇ ಗಂಟೆಗಳ ನಾಲಿಗೆಗಳನ್ನು ತೆಗೆಸಿಬಿಟ್ಟ. ಕಾದು ಕುಳಿತ ಊರುಗಳಿಗೆ ಸದ್ದು ಮುಟ್ಟಲೇ ಇಲ್ಲ. ಆದರೂ ಆಳುವವರು ಬೆದರಿದ್ದರು. ಅದೇ ಮೇ ತಿಂಗಳಲ್ಲಿ ರಾಜ ವಸೂಲಿಯನ್ನು ಕೈಬಿಟ್ಟ. ಮುಂದಾಳುಗಳನ್ನು ಲಂಡನ್ನಿಗೆ ಒಯ್ದು ಕ್ಷಮಿಸಿ ಕಳಿಸಿದರು.

ಈಗ ಆ ಗೋಪುರದಲ್ಲಿ ತೂಗುವ ದೊಡ್ಡ ಗಂಟೆಯನ್ನು ಮೈಲ್ಸ್ ಗ್ರೇ ಎರಕ ಹೊಯ್ದದ್ದು 1625ರಲ್ಲಿ, ದಂಗೆಯಾಗಿ ಸರಿಯಾಗಿ ನೂರು ವರ್ಷಕ್ಕೆ. ಅದರ ನಾದ ಬಹಳ ಇಂಪು ಅಂತ ಬಲ್ಲವರು ಹೇಳುತ್ತಾರೆ.