ಚೆರ್ನೋಬಿಲ್: ಕಾಣದ ವಿಷ, ಆಡದ ಮಾತು

1986ರ ಏಪ್ರಿಲ್ 26, ಶನಿವಾರ. ಅಂದು ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಉಕ್ರೇನಿನ ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರದ ನಾಲ್ಕನೆಯ ರಿಯಾಕ್ಟರ್ ರಾತ್ರಿ 1 ಗಂಟೆ 23 ನಿಮಿಷಕ್ಕೆ ಸ್ಫೋಟಗೊಂಡಿತು. ಮೂರು ಕಿಲೋಮೀಟರ್ ದೂರದ ಪ್ರಿಪ್ಯಾತ್ ನಗರದ ಸುಮಾರು 49,000 ನಿವಾಸಿಗಳಿಗೆ ಏನನ್ನೂ ತಿಳಿಸಲಿಲ್ಲ. ಅಂದು ಮಕ್ಕಳು ಎಂದಿನಂತೆ ಶಾಲೆಗೆ ಹೋಗಿಬಂದರು. ಮರುದಿನ, ಆರ್ಥೊಡಾಕ್ಸ್ ಕ್ರೈಸ್ತರ ಗರಿಗಳ ಭಾನುವಾರದ ಮಧ್ಯಾಹ್ನ, ಸಾಲುಸಾಲು ಬಸ್ಸುಗಳು ಬಂದು ನಿಂತವು. ಮೂರು ದಿನಗಳಿಗೆ ಸಾಕಾಗುವಷ್ಟನ್ನು ತೆಗೆದುಕೊಂಡು ಹೊರಡಿರೆಂದು ಜನರಿಗೆ ಹೇಳಲಾಯಿತು. ಆ ಮೂರು ದಿನಗಳು ಇನ್ನೂ ಮುಗಿದಿಲ್ಲ.

ಬೆಂಕಿಯೊಡನೆ ಸೆಣಸಿದವರು ಹಾಗೂ ಸ್ಥಾವರದ ಸಿಬ್ಬಂದಿಯ ಪೈಕಿ 134 ಮಂದಿ ತೀವ್ರ ವಿಕಿರಣ ಕಾಯಿಲೆಗೆ ತುತ್ತಾದರು. ಅವರಲ್ಲಿ 28 ಮಂದಿ ಅದೇ ವರ್ಷ ಅಸುನೀಗಿದರು. ಹೊರಜಗತ್ತಿಗೆ ಸುಳಿವು ಸಿಕ್ಕಿದ್ದು ಏಪ್ರಿಲ್ 28ರಂದು, ದೂರದ ಸ್ವೀಡನ್ನಿನ ಅಣುಸ್ಥಾವರವೊಂದರ ಮಾಪಕಗಳು ಎಚ್ಚರಿಸಿದಾಗ. ಅಂದು ರಾತ್ರಿ ಸೋವಿಯತ್ ದೂರದರ್ಶನ ಚುಟುಕಾದ ಪ್ರಕಟಣೆಯೊಂದನ್ನು ಓದಿತು. ಆದರೂ ಮೇ 1ರಂದು ಕೀವ್ ನಗರದ ಬೀದಿಗಳಲ್ಲಿ ಕಾರ್ಮಿಕ ದಿನಾಚರಣೆಯ ಮೆರವಣಿಗೆ ನಿಲ್ಲಲಿಲ್ಲ.

ಈ ಮೌನಕ್ಕೆ ಹೆಚ್ಚಿನ ಬೆಲೆ ತೆತ್ತವರು ಮಕ್ಕಳು. ಗಾಳಿಯಲ್ಲಿ ತೇಲಿಬಂದ ವಿಕಿರಣಶೀಲ ಅಯೋಡಿನ್ ಹುಲ್ಲಿನ ಮೇಲೆ ಕುಳಿತು, ಹಸುವಿನ ಹಾಲಿನ ಮೂಲಕ ಮಕ್ಕಳ ಥೈರಾಯಿಡ್ ಗ್ರಂಥಿಯನ್ನು ಸೇರಿತು. ಈ ಅಯೋಡಿನ್ ಎಂಟು ದಿನಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಕೆಲವು ವಾರಗಳ ಕಾಲ ಆ ಹಾಲನ್ನು ಕೊಡಬೇಡಿರೆಂದು ತಾಯಂದಿರಿಗೆ ಕಾಲಕ್ಕೆ ಸರಿಯಾಗಿ ಹೇಳಿದ್ದರೆ ಬಹಳಷ್ಟು ಹಾನಿ ತಪ್ಪುತ್ತಿತ್ತು. ನೆರೆಯ ಪೋಲೆಂಡ್ ಏಪ್ರಿಲ್ 29ರಿಂದಲೇ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ರಕ್ಷಣೆಗಾಗಿ ಅಯೋಡಿನ್ ದ್ರಾವಣ ಕುಡಿಸಿತು. ಬೆಲಾರೂಸ್, ಉಕ್ರೇನ್ ಹಾಗೂ ರಷ್ಯದ ಪೀಡಿತ ಪ್ರದೇಶಗಳಲ್ಲಾದರೋ, ಅಂದು ಎಳೆಯರಾಗಿದ್ದವರ ನಡುವೆ 2005ರ ವೇಳೆಗೆ 6,000ಕ್ಕೂ ಹೆಚ್ಚು ಥೈರಾಯಿಡ್ ಕ್ಯಾನ್ಸರ್ ಪ್ರಕರಣಗಳು ಪತ್ತೆಯಾದವು. ಅವುಗಳಲ್ಲಿ ಗಣನೀಯ ಪಾಲಿಗೆ ಆ ಅಯೋಡಿನ್ನೇ ಕಾರಣ. ಚಿಕಿತ್ಸೆಯಿಂದ ಬಹುಪಾಲು ಜನ ಉಳಿದರೆಂಬುದೇ ಸಮಾಧಾನ.

ದೇಹದ ಗಾಯಕ್ಕಿಂತ ವ್ಯಾಪಕವಾದದ್ದು ಮನಸ್ಸಿನ ಗಾಯ. 1986ರಲ್ಲಿ ಸುಮಾರು 1,16,000 ಜನ, ಮುಂದಿನ ವರ್ಷಗಳಲ್ಲಿ ಮತ್ತೆ ಸುಮಾರು 2,20,000 ಜನ ಹುಟ್ಟೂರು ತೊರೆದರು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಸೇರಿ ರಚಿಸಿದ್ದ ಚೆರ್ನೋಬಿಲ್ ವೇದಿಕೆಯು 2005ರಲ್ಲಿ, ಈ ದುರಂತ ತಂದೊಡ್ಡಿದ ಅತಿ ದೊಡ್ಡ ಸಾರ್ವಜನಿಕ ಆರೋಗ್ಯ ಸಮಸ್ಯೆ ಮಾನಸಿಕ ಆರೋಗ್ಯದ್ದೆಂದು ಹೇಳಿತು. ತಾವು ಬದುಕಿ ಉಳಿದವರೆಂಬ ಧೈರ್ಯಕ್ಕಿಂತ ಬಲಿಪಶುಗಳೆಂಬ ನಿರಾಶೆಯೇ ಅನೇಕರಲ್ಲಿ ಬೇರೂರಿತ್ತು. ಮೊದಲು ಸತ್ಯವನ್ನು ಮುಚ್ಚಿಟ್ಟವರು ಬಳಿಕ ಅಭಯ ನೀಡಿದರೆ ನಂಬುವವರಾರು? ಹುಟ್ಟುವ ಮಕ್ಕಳಿಗೂ ಈ ವಿಷ ಅಂಟೀತೆಂಬ ಅಳಲು ದಶಕಗಳ ಕಾಲ ಪೋಷಕರನ್ನು ಕಾಡಿತು. ವಿಕಿರಣಕ್ಕೆ ಒಡ್ಡಿಕೊಂಡಿದ್ದ ತಂದೆತಾಯಿಯರ 130 ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅವರ ವಂಶವಾಹಿಗಳಲ್ಲಿ ಹೊಸ ಬದಲಾವಣೆಗಳು ಎಂದಿಗಿಂತ ಹೆಚ್ಚಾಗಿ ಕಂಡುಬರಲಿಲ್ಲ. ಆದರೆ ಆ ಮಾತು ಕೇಳಲು ಮೂವತ್ತೈದು ವರ್ಷ ಕಾಯಬೇಕಾಯಿತು.

ಈ ನಡುವೆ ಸುಮಾರು 1,200 ಮಂದಿ, ಬಹುತೇಕ ವಯಸ್ಸಾದ ಗ್ರಾಮೀಣ ಮಹಿಳೆಯರು, ನಿಷೇಧವನ್ನು ಲೆಕ್ಕಿಸದೆ ತಮ್ಮ ಹಳೆಯ ಮನೆಗಳಿಗೆ ಮರಳಿದರು. ಅಣಬೆಯಲ್ಲಿ, ಕಾಡುಹಣ್ಣಿನಲ್ಲಿ ಸೀಸಿಯಮ್ ಇತ್ತು, ಅಪಾಯ ಸುಳ್ಳಲ್ಲ. ಆದರೂ ಹಿರಿಯರ ಸಮಾಧಿಗಳಿರುವ ಮಣ್ಣು, ತಾವೇ ಬಿತ್ತಿದ ತೋಟ, ನೆರೆಮನೆಯ ದನಿ ಅವರಿಗೆ ಬೇಕಿತ್ತು. ಚೆರ್ನೋಬಿಲ್ ಪಟ್ಟಣದ ಸಂತ ಎಲೀಯನ ದೇವಾಲಯದಲ್ಲಿ ಆರಾಧನೆಯೂ ನಡೆಯಿತು. 2022ರ ಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ, ಪಾಸ್ಖ ಹಬ್ಬದ ನಂತರದ ದಿನಗಳಲ್ಲಿ ಚದುರಿಹೋದ ಕುಟುಂಬಗಳು ಸಮಾಧಿಗಳ ಬಳಿ ಪ್ರಾರ್ಥಿಸಲು ಕಾವಲಿನ ಗಡಿ ದಾಟಿ ಬರುತ್ತಿದ್ದವು.

ಆರೋಗ್ಯವೆಂದರೆ ಔಷಧ, ಆಸ್ಪತ್ರೆಗಳಷ್ಟೇ ಅಲ್ಲ. ಕಾಲಕ್ಕೆ ಒದಗಿದ ಸತ್ಯದ ನುಡಿಯೂ, ನಮ್ಮವರೆಂದು ಬರಮಾಡಿಕೊಳ್ಳುವ ನೆರೆಹೊರೆಯೂ ಅದರ ಭಾಗವೇ. ಚೆರ್ನೋಬಿಲ್ಲಿನ ಜನರಿಗೆ ಮೊದಲ ವಾರದಲ್ಲಿ ದೊರೆಯದೆ ಹೋದದ್ದು ಆ ನುಡಿ. ಮುಂದಿನ ದಶಕಗಳಲ್ಲಿ ಅವರು ಹುಡುಕುತ್ತ ಬಂದದ್ದು ಆ ನೆರೆಹೊರೆ.