ಮಾಜಿ

ಚೆನ್ನೈ ಬಳಿಯ ಎಣ್ಣೂರಿನ ಬಂದರಿಗೆ ಒಬ್ಬ ಮಾಜಿ ಮುಖ್ಯಮಂತ್ರಿಯ ಹೆಸರಿದೆ. 2001ರಲ್ಲಿ ಶುರುವಾದಾಗ ಅದು ಎಣ್ಣೂರು ಬಂದರು. 2014ರಲ್ಲಿ ಕಾಮರಾಜರ್ ಬಂದರು ಆಯಿತು. ಕಾಮರಾಜರು ಮಾಜಿಯಾದ ರೀತಿಯೇ ಬೇರೆ. 1963ರ ಅಕ್ಟೋಬರ್ 2ರಂದು, ಯಾರೂ ಇಳಿಸದೆ, ಪಕ್ಷದ ಕೆಲಸಕ್ಕೆ ಹೋಗುತ್ತೇನೆಂದು ಮದರಾಸಿನ ಮುಖ್ಯಮಂತ್ರಿ ಗಾದಿಯಿಂದ ತಾವೇ ಎದ್ದು ಬಂದರು. ನಾಲ್ಕು ವರ್ಷ ತುಂಬುವ ಮೊದಲೇ, 1967ರ ಚುನಾವಣೆಯಲ್ಲಿ, ತಮ್ಮದೇ ಊರಾದ ವಿರುದುನಗರದಲ್ಲಿ ಡಿಎಂಕೆಯ ಒಬ್ಬ ಯುವ ವಿದ್ಯಾರ್ಥಿ ನಾಯಕನ ಎದುರು ಸೋತರು.

'ಮಾಜಿ' ನಮ್ಮ ಮನೆಯಲ್ಲಿ ಹುಟ್ಟಿದ ಮಾತಲ್ಲ. ಅರಬ್ಬಿಯಲ್ಲಿ 'ಕಳೆದುಹೋದದ್ದು' ಎಂಬ ಅರ್ಥದಲ್ಲಿದ್ದ ಮಾತು ಪಾರಸಿಯ ಮೂಲಕ ದಖ್ಖನಿನ ಆಡಳಿತಕ್ಕೆ ಬಂದು, ಕಚೇರಿ, ಬಾಕಿ, ಜಮೀನುಗಳ ಜೊತೆಯಲ್ಲೇ ಕನ್ನಡದಲ್ಲಿ ಬೇರೂರಿತು. ಅದರ ಜೋಡಿ 'ಹಾಲಿ'. ಹಾಲಿ ಶಾಸಕರು, ಮಾಜಿ ಶಾಸಕರು ಎಂದು ಪತ್ರಿಕೆಗಳು ದಿನಕ್ಕೆ ಹತ್ತು ಸಲ ಬರೆಯುತ್ತವೆ.

ತಮಿಳರಿಗೆ ಇದು ಬೇಕಾಗಲಿಲ್ಲ. ಅವರದು 'ಮುನ್ನಾಳ್', ಮುನ್ನಿನ ದಿನ. ಎಣ್ಣೂರಿನ ಬೀದಿಗಳಲ್ಲಿ ಈ ಮಾತು ಎರಡು ಕಡೆ ಕಣ್ಣಿಗೆ ಬೀಳುತ್ತದೆ. ಗೋಡೆಯ ಮೇಲಿನ ಪೋಸ್ಟರಿನಲ್ಲಿ, ಪಕ್ಷದ ಬಣ್ಣದ ಅಂಚಿನ ನಡುವೆ, 'ಮುನ್ನಾಳ್ ಅಮೈಚ್ಚರ್', ಅಂದರೆ ಮಾಜಿ ಮಂತ್ರಿ. ಮನೆಯ ಗೇಟಿಗೆ ತಂತಿಯಿಂದ ಬಿಗಿದ ಪುಟ್ಟ ತಗಡಿನ ಮೇಲೆ, ಹೆಸರಿನ ಕೆಳಗೆ, 'ಮುನ್ನಾಳ್ ರಾಣುವ ವೀರರ್', ಮಾಜಿ ಸೈನಿಕ. ಪೋಸ್ಟರು ಮಳೆಗೆ ಹರಿದುಹೋಗುತ್ತದೆ. ಗೇಟಿನ ತಗಡಿಗೆ ಮಾತ್ರ ಪೊಂಗಲ್ಲಿಗೆ ಹೊಸ ಬಣ್ಣ ಬೀಳುತ್ತದೆ.

ಮಾತು ಒಂದೇ ಆದರೂ ಒಂದು ಕಡೆ ಗೌರವ, ಇನ್ನೊಂದು ಕಡೆ ಕುಟುಕು. ನಮ್ಮಲ್ಲಿಯೂ ಹಾಗೆಯೇ. ಯೋಧ ಎದೆಯುಬ್ಬಿಸಿ 'ನಾನು ಮಾಜಿ ಸೈನಿಕ' ಎನ್ನುತ್ತಾನೆ. ಚುನಾವಣೆ ಮುಗಿದ ಸಂಜೆ ಅದೇ ಮಾತನ್ನು ಸೋತವರ ಮನೆ ಮುಂದೆ ಪಟಾಕಿ ಹಚ್ಚುವವರು ಕೂಗುತ್ತಾರೆ: 'ಮಾಜಿ ಮಾಡಿಬಿಟ್ವಿ!' ಐದು ವರ್ಷ ಊರಿನ ಕೆಲಸ ಮಾಡಿದವರು ಒಂದು ಮಧ್ಯಾಹ್ನದಲ್ಲಿ ಬೈಗುಳವಾಗುವುದು ನನಗೆ ಎಂದೂ ಸರಿ ಕಂಡಿಲ್ಲ.

ಸೇನೆ ಈ ಮಾತನ್ನು ಹಗುರಾಗಲು ಬಿಡಲಿಲ್ಲ. ನಿವೃತ್ತ ಕರ್ನಲ್ ಕರ್ನಲ್ಲೇ, ಹೆಸರಿನ ಜೊತೆ ಹುದ್ದೆ ಉಳಿಯುತ್ತದೆ. ಫೀಲ್ಡ್ ಮಾರ್ಷಲ್‌ಗಂತೂ ನಿವೃತ್ತಿಯೇ ಇಲ್ಲ. ನಮ್ಮ ಕೊಡಗಿನ ಕಾರ್ಯಪ್ಪನವರನ್ನೇ ನೋಡಿ. 1953ರ ಜನವರಿ 14ರಂದು ಭೂಸೇನೆಯ ಮುಖ್ಯಸ್ಥರ ಸ್ಥಾನದಿಂದ ನಿವೃತ್ತರಾದರು. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ಆ ಸೋಲಿನಿಂದ ಅವರ ಗೌರವ ಕೂದಲಷ್ಟೂ ಕುಗ್ಗಲಿಲ್ಲ. 1986ರಲ್ಲಿ ದೇಶ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟಿತು. ಮೂವತ್ಮೂರು ವರ್ಷ ಮಾಜಿಯಾಗಿದ್ದವರು ಮತ್ತೆ ಹಾಲಿಯಾದರು, ಕೊನೆಯುಸಿರಿನವರೆಗೆ. ಅವರು ನಿವೃತ್ತರಾದ ಆ ಜನವರಿ 14ನ್ನೇ 2016ರಿಂದ ಸಶಸ್ತ್ರ ಪಡೆಗಳ ಮಾಜಿ ಸೈನಿಕರ ದಿನವಾಗಿ ಆಚರಿಸುತ್ತಿದ್ದೇವೆ. ಕೆಲವು ವರ್ಷ ಅದೇ ದಿನ ಎಣ್ಣೂರಿನಲ್ಲಿ ಭೋಗಿ ಬರುತ್ತದೆ, ಹಳೆಯ ಚಾಪೆ ಪೊರಕೆಗಳನ್ನು ಬೀದಿಯಲ್ಲಿ ಸುಡುವ ಹಬ್ಬ. ಹಳೆಯದರಲ್ಲಿ ಯಾವುದನ್ನು ಸುಡಬೇಕು, ಯಾವುದನ್ನು ಉಳಿಸಬೇಕು ಎಂಬ ಪ್ರಶ್ನೆ ಆ ದಿನ ತಾನಾಗಿ ಏಳುತ್ತದೆ.

ಈ ಪ್ರಶ್ನೆಗೆ ತಮಿಳುನಾಡು ಒಮ್ಮೆ ಕೊಟ್ಟ ಉತ್ತರ ಇಂದಿಗೂ ನೋಯಿಸುತ್ತದೆ. 1990ರ ಮಾರ್ಚಿನಲ್ಲಿ, ಶ್ರೀಲಂಕಾಕ್ಕೆ ಹೋಗಿದ್ದ ಶಾಂತಿಪಾಲನಾ ಪಡೆಯ ಕೊನೆಯ ತುಕಡಿಗಳು ಮದರಾಸು ಬಂದರಿನಲ್ಲಿ ಇಳಿದವು, ಎಣ್ಣೂರಿನಿಂದ ತುಸು ದಕ್ಷಿಣಕ್ಕೆ. ಮೂರು ವರ್ಷಕ್ಕೆ ಹತ್ತಿರದ ಆ ಕಾರ್ಯಾಚರಣೆಯಲ್ಲಿ 1,100ಕ್ಕೂ ಹೆಚ್ಚು ಯೋಧರು ಸತ್ತಿದ್ದರು. ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಅಲ್ಲಿ ಸತ್ತ ತಮಿಳರ ನೋವು ಅವರ ಕಾರಣವಾಗಿತ್ತು. ಆ ನೋವು ಸುಳ್ಳಲ್ಲ; ಜಾಫ್ನಾದ ಆಸ್ಪತ್ರೆಯೊಳಗೆ 1987ರ ಅಕ್ಟೋಬರಿನಲ್ಲಿ ಈ ಪಡೆಯಿಂದ ನಡೆದ ಹತ್ಯೆಗಳನ್ನು ಯಾರೂ ಸಮರ್ಥಿಸಲಾಗದು. ಆದರೆ ಪಡೆಯನ್ನು ಕಳಿಸಿದ್ದು ದೆಹಲಿ. ಕಾಲು ಕಳೆದುಕೊಂಡು ಹಡಗಿನಿಂದ ಇಳಿಯುವ ಸಿಪಾಯಿ ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲ. ದೆಹಲಿಯ ನೀತಿಯನ್ನು ಖಂಡಿಸಿಯೂ ಬಂದರಿಗೆ ಹೋಗಬಹುದಿತ್ತು. ಕೊನೆಗೆ ಆ ಯೋಧರ ಹೆಸರು ಕೆತ್ತಿದ ಸ್ಮಾರಕ 2008ರಲ್ಲಿ ಶ್ರೀಲಂಕಾದ ಸಂಸತ್ತಿನ ಬಳಿ ಎದ್ದಿತು.

ಇದೇ ಕರುಣಾನಿಧಿ ಹದಿನೈದು ವರ್ಷ ಮೊದಲು ಇನ್ನೊಂದು ರೀತಿ ನಡೆದುಕೊಂಡಿದ್ದರು ಎಂಬುದನ್ನೂ ಹೇಳಲೇಬೇಕು. 1975ರ ಅಕ್ಟೋಬರ್ 2ರಂದು ಕಾಮರಾಜರು ತೀರಿಕೊಂಡರು. ಬದುಕಿದ್ದಾಗ ಇಬ್ಬರೂ ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ಬಿಟ್ಟವರಲ್ಲ. ಆದರೂ ಮುಖ್ಯಮಂತ್ರಿ ತಾವೇ ನಿಂತು ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಸಿದರು. ಗಿಂಡಿಯ ಗಾಂಧಿ ಮಂಟಪದ ಪಕ್ಕ ಸ್ಮಾರಕ ಎದ್ದಿತು.

ಬದುಕಿರುವ ಎದುರಾಳಿಗೆ ಗೌರವ ಕೊಡುವುದು ಇನ್ನೂ ಕಷ್ಟ. 2016ರ ಮೇ 23ರಂದು ಎಐಎಡಿಎಂಕೆಯ ಜಯಲಲಿತಾ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದಾಗ ಎದುರಾಳಿ ಡಿಎಂಕೆಯ ಸ್ಟಾಲಿನ್ ಬಂದರು. ಅವರಿಗೆ ಸಿಕ್ಕಿದ್ದು ಹಿಂದಿನ ಸಾಲಿನ ಕುರ್ಚಿ. ಮರುದಿನ ಜಯಲಲಿತಾ ಹೇಳಿಕೆ ಕೊಟ್ಟರು: ಅಗೌರವದ ಉದ್ದೇಶ ಇರಲಿಲ್ಲ, ಮೊದಲೇ ತಿಳಿದಿದ್ದರೆ ಮುಂದಿನ ಸಾಲಿನಲ್ಲಿ ಕೂರಿಸಲು ಹೇಳುತ್ತಿದ್ದೆ ಎಂದು. ಐದು ವರ್ಷದ ನಂತರ ಸರದಿ ಬದಲಾಯಿತು. 2021ರಲ್ಲಿ ಗೆಲುವಿನ ಅಮಲಿನಲ್ಲಿ ಕೆಲವು ಡಿಎಂಕೆ ಕಾರ್ಯಕರ್ತರು ಚೆನ್ನೈನಲ್ಲಿ ಜಯಲಲಿತಾ ಕಾಲದ ಒಂದು ಅಮ್ಮ ಕ್ಯಾಂಟೀನಿನ ಫಲಕ ಕಿತ್ತೆಸೆದಾಗ, ಇನ್ನೂ ಪ್ರಮಾಣವಚನ ಸ್ವೀಕರಿಸದ ಸ್ಟಾಲಿನ್ ಆ ಕಾರ್ಯಕರ್ತರನ್ನು ಪಕ್ಷದಿಂದ ಹೊರಹಾಕಿ, ಫಲಕವನ್ನು ಮತ್ತೆ ಹಾಕಿಸಿದರು. ಮೇ 7ರಂದು ರಾಜಭವನಕ್ಕೆ ಬಂದ ಮಾಜಿ ಮುಖ್ಯಮಂತ್ರಿ ಪನ್ನೀರ್‌ಸೆಲ್ವಂ ಹೊಸ ಮುಖ್ಯಮಂತ್ರಿಯ ಜೊತೆ ಒಂದೇ ಮೇಜಿನಲ್ಲಿ ಚಹಾ ಕುಡಿದರು.

ಇಲ್ಲಿ ತಮಿಳಿನ 'ಮುನ್ನಾಳ್' ಎಂಬ ಮಾತು ನಮ್ಮದಕ್ಕಿಂತ ಒಂದು ಹೆಜ್ಜೆ ಮೇಲು ಎನಿಸುತ್ತದೆ. 'ಮಾಜಿ' ಎಂದರೆ ಕಳೆದುಹೋದದ್ದು. 'ಮುನ್' ಎಂಬುದು ಕನ್ನಡಕ್ಕೂ ತಮಿಳಿಗೂ ಸೇರಿದ ಬೇರು. ಮುನ್ನ, ಮುಂದೆ, ಮುಂಚೂಣಿ, ಮುನ್ನಡೆ ಎಲ್ಲ ಅದರದೇ ಮಕ್ಕಳು. ಮೊದಲಿದ್ದವನೂ ಅವನೇ, ಮುಂದೆ ನಡೆದವನೂ ಅವನೇ. ಮಾಜಿ ಸೈನಿಕನಿಗೆ ಈ ಅರ್ಥ ಸಲೀಸಾಗಿ ಒಪ್ಪುತ್ತದೆ. ಸೋತ ಶಾಸಕನಿಗೂ ಒಪ್ಪಬೇಕು. ಇವತ್ತಿನವರು ನಡೆಯುತ್ತಿರುವ ರಸ್ತೆಯಲ್ಲಿ ಒಂದಷ್ಟನ್ನು ಹಾಕಿಸಿದವನು ಅವನೂ ಹೌದು.

ಬರುವ ಜನವರಿ 14ರಂದು ನಿಮ್ಮ ಊರಿನಲ್ಲಿ ಮಾಜಿ ಸೈನಿಕರಿಗೆ ಸನ್ಮಾನ ಇಟ್ಟುಕೊಂಡರೆ ಹಾಲಿ ಶಾಸಕರನ್ನು ಕರೆಯಿರಿ, ಸೋತವರನ್ನೂ ಕರೆಯಿರಿ. ಸೈನಿಕರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಆ ಇಬ್ಬರು ರಾಜಕಾರಣಿಗಳಿಗೆ ಅವರ ಹಿಂದೆ ಅಕ್ಕಪಕ್ಕ ಕುರ್ಚಿ ಹಾಕಿ.